ವಿಯೆನ್ನಾಕ್ಕೆ ಹೊರಟ ಕುಚ್ಚಲಕ್ಕಿ

ದೋಹಾ ವಿಮಾನ ನಿಲ್ದಾಣದ ಕೌಂಟರಿನಲ್ಲಿ ನನ್ನ ಸೂಟ್‌ಕೇಸ್ ಒಂದು ಕಿಲೋ ಹೆಚ್ಚು ತೂಗಿತು. ವಿಯೆನ್ನಾಕ್ಕೆ ಹೋಗುವ ದಾರಿಯಲ್ಲಿ ಇಲ್ಲಿನ ಅಲ್ ಮುಂತಜಾ ಬಡಾವಣೆಯ ಅಕ್ಕನ ಮನೆಯಲ್ಲಿ ಎರಡು ದಿನ ಉಳಿದದ್ದರ ಫಲ ಅದು. ತೆರೆದರೆ ಮೇಲೆಯೇ ಕುಚ್ಚಲಕ್ಕಿಯ ಕಟ್ಟು, ಪಕ್ಕದಲ್ಲಿ ನಾನು ಊರಿನಿಂದ ಹೊತ್ತು ತಂದ ದಪ್ಪ ಗೈಡ್ ಪುಸ್ತಕ. ಕೈಚೀಲದಲ್ಲಿ ಅಕ್ಕನ ರೈಸ್ ಕುಕ್ಕರು ಆಗಲೇ ಕೂತಾಗಿತ್ತು.

"ಅಕ್ಕಿ ತೆಗೆಯುತ್ತೇನೆ," ಎಂದೆ.

"ಮರುಳಾ ನಿನಗೆ?" ಬಿಡಲು ಬಂದಿದ್ದ ಭಾವನಿಗೆ ಸಿಟ್ಟೇ ಬಂತು. ಹೋದ ವರ್ಷ ವಿಯೆನ್ನಾ ನೋಡಿ ಬಂದವರು ಅವರು. "ಅಲ್ಲಿ ನೋಡಲೇಬೇಕಾದ್ದನ್ನೆಲ್ಲ ನಾನು ಬರೆದುಕೊಟ್ಟಿದ್ದೇನಲ್ಲ ಮಾರಾಯ, ಪುಸ್ತಕ ಯಾಕೆ?"

ಬರೆದುಕೊಟ್ಟದ್ದು ಹೌದು. ರೂಮಿನಲ್ಲಿ ಅನ್ನ ಬೇಯಿಸಿದರೆ ಬೈಯದ ಹೋಟೆಲು, ಒಳ್ಳೆ ಮೊಸರು ಸಿಗುವ ತುರ್ಕಿಯವನ ಅಂಗಡಿ, ಬುತ್ತಿ ಬಿಚ್ಚಲು ನೆರಳಿರುವ ಒಂದು ಬೆಂಚು. ಬೆಂಚಿನ ಕೆಳಗೆ ಎರಡು ಗೆರೆ ಎಳೆದಿದ್ದರು.

ಹಿಂದೆ ಸಾಲು ಬೆಳೆಯುತ್ತಿತ್ತು. ಕೌಂಟರಿನ ಹುಡುಗಿ ಗಡಿಯಾರ ನೋಡಿದಳು. "ಯಲ್ಲಾ, ಬೇಗ," ಎನ್ನುತ್ತ ಭಾವ ಪುಸ್ತಕವನ್ನೇ ಎಳೆದುಕೊಂಡರು. ತೂಕ ಸರಿಹೋಯಿತು.

ಬೋರ್ಡಿಂಗ್ ಪಾಸ್ ಹಿಡಿದು ತಿರುಗಿದರೆ ಅವರು ಪುಸ್ತಕ ಬಿಡಿಸಿಕೊಂಡು ನಿಂತಿದ್ದಾರೆ. ಎರಡು ಪುಟ ತುಂಬಾ ಅರಮನೆಯ ಚಿತ್ರ. ಅದರ ಮೂಲೆಯಲ್ಲಿ ಬೆರಳಿಟ್ಟು, "ನೋಡು, ಇದೇ ಬೆಂಚು!" ಎಂದರು ಖುಷಿಯಲ್ಲಿ. ಆಮೇಲೆ ಬೆರಳು ನಿಧಾನಕ್ಕೆ ಮೇಲೆ ಹೋಯಿತು.

"ಹೌದಾ ಮಾರಾಯ, ನಮ್ಮ ಬೆನ್ನ ಹಿಂದೆ ಇದೊಂದು ಇತ್ತಾ, ಇಷ್ಟು ದೊಡ್ಡದು?"