ತಲೆಯೊಳಗಿನ ಕಾಲುದಾರಿ

ಬೆಳಿಗ್ಗೆ ಚಳಿಯೆಂದು ಸ್ವೆಟರ್ ಹುಡುಕಲು ಟ್ರಂಕು ತೆಗೆದರೆ ಕೈಗೆ ಬಂದದ್ದು ಒಂದು ಮೆದುಳು. ಗಾಬರಿಯಾಗಬೇಡಿ, ಚಿತ್ರ ಅಷ್ಟೇ. ಎರಡು ವರ್ಷದ ಹಿಂದೆ ಕಲಬುರಗಿಯಲ್ಲಿ ತೆಗೆಸಿದ ಸ್ಕ್ಯಾನಿನ ಕರಿ ಹಾಳೆ. ಕಿಟಕಿಯ ಬೆಳಕಿಗೆ ಹಿಡಿದೆ. ನಮ್ಮ ಮಲ್ಲುವಿನ ತಲೆ, ಸಾಲುಸಾಲಾಗಿ.

ಮಲ್ಲು ನನ್ನ ತಮ್ಮ ಶರಣಪ್ಪನ ಮಗ. ಅವರದು ಅತನೂರಿನಲ್ಲಿ ಒಕ್ಕಲುತನ. ನಾನು ಅಫಜಲಪುರದಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಕಲಿಸಿ ರಿಟೈರಾದವಳು. ಮೂವತ್ತು ವರ್ಷ ಬೋರ್ಡಿನ ಮೇಲೆ ಮೆದುಳು ಬರೆದೆ. ಪ್ರತಿ ವರ್ಷವೂ ಅದು ಹೂಕೋಸಿನಂತೆಯೇ ಬರುತ್ತಿತ್ತು. ಬಾಣ ಹಾಕಿ ಭಾಗಗಳ ಹೆಸರು ಬರೆಸಿದರೆ ನನ್ನ ಕೆಲಸ ಮುಗಿಯಿತು. ಆ ಭಾಗಗಳು ಒಂದರೊಡನೊಂದು ಮಾತಾಡುತ್ತವೆಂದು ಯಾವ ಮಗುವಿಗೂ ಹೇಳಲಿಲ್ಲ. ಪರೀಕ್ಷೆಯಲ್ಲಿ ಅದು ಬರುತ್ತಿರಲಿಲ್ಲವಲ್ಲ.

ಆಗ ಮಲ್ಲುವಿಗೆ ಹದಿನೈದು. ಶಾಲೆ ತಪ್ಪಿಸಿ ತೊಗರಿ ಹೊಲದ ನಡುವೆ ಕೂತು ಮೊಬೈಲಿನಲ್ಲಿ ಆಡುತ್ತಿದ್ದ. ಅಲ್ಲಿ ಸಿಗ್ನಲ್ ಚೆನ್ನಾಗಿ ಸಿಗುತ್ತಿತ್ತಂತೆ. ಊಟದ ನೆನಪೂ ಇರುತ್ತಿರಲಿಲ್ಲ. ಒಂದು ದಿನ ಶರಣಪ್ಪ ಮೊಬೈಲು ಕಸಿದು ಬೀರುವಿನಲ್ಲಿಟ್ಟು ಬೀಗ ಜಡಿದ. ಹುಡುಗ ಗೋಡೆಗೆ ತಲೆ ಚಚ್ಚಿಕೊಂಡ, ಆಮೇಲೆ ಸುಮ್ಮನಾದ. ಅಂದಿನಿಂದ ಅಪ್ಪನೊಡನೆ ಒಂದೂ ಮಾತಿಲ್ಲ. ಏನು ಬೇಕಾದರೂ ತಾಯಿಯಿಂದ ಹೇಳಿಸುವನು.

"ಅಂವ ನನಗ ಅಪ್ಪಾ ಅಂದು ಮೂರು ತಿಂಗಳಾತಕ್ಕ," ಎಂದು ಶರಣಪ್ಪ ನನ್ನ ಮನೆಯ ಕಟ್ಟೆಯ ಮೇಲೆ ಕೂತು ಅತ್ತ. ಅವನು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. "ತಲಿಯಾಗ ಏನೋ ಆಗ್ಯಾದ. ಫೋಟೊ ತೆಗಸೂನು."

ವಿಜ್ಞಾನದವಳಾದ ನಾನು, ಮೊದಲು ಡಾಕ್ಟರನ್ನು ಕೇಳೋಣ ಎನ್ನಬೇಕಿತ್ತು. ಆದರೆ ನನಗೂ ಒಮ್ಮೆ ನಿಜವಾದ ಮೆದುಳು ನೋಡುವ ಆಸೆ! ಆಸ್ಪತ್ರೆಯ ಪರಿಚಯದವರಿಂದ ಚೀಟಿ ಬರೆಸಿ ಸ್ಕ್ಯಾನ್ ಮಾಡಿಸಿ, ಆಮೇಲೆ ಮಲ್ಲುವಿನೊಡನೆ ಅಲ್ಲಿನ ಮಾನಸಿಕ ರೋಗಗಳ ಡಾಕ್ಟರಮ್ಮನ ಮುಂದೆ ಹೋಗಿ ಕೂತೆವು.

"ಎಲ್ಲಿ ಕೆಟ್ಟದ ತೋರಸ್ರಿ ಮೇಡಂ," ಎಂದ ಶರಣಪ್ಪ. "ತೆಗೆಯೋದಿದ್ರ ತೆಗದ ಬಿಡ್ರಿ."

"ಏನೂ ಕೆಟ್ಟಿಲ್ರಿ," ಎಂದರು ಅವರು. ಹೀಗೆ ಆಟದ ಚಟಕ್ಕೆ ಬಿದ್ದ ಬಹಳಷ್ಟು ಮಕ್ಕಳ ಮೆದುಳನ್ನು ಬೇರೆ ಮಕ್ಕಳ ಮೆದುಳಿನೊಡನೆ ಹೋಲಿಸಿದಾಗ, 'ಬೇಕು' ಎನ್ನುವ ಭಾಗಗಳಿಗೂ 'ಸಾಕು' ಎನ್ನುವ ಭಾಗಗಳಿಗೂ ನಡುವಿನ ಸಂಪರ್ಕದಲ್ಲಿ ವ್ಯತ್ಯಾಸ ಕಾಣುತ್ತದಂತೆ. ಕೆಲವೆಡೆ ಹೆಚ್ಚು, ಕೆಲವೆಡೆ ಕಡಿಮೆ. ಒಬ್ಬನೇ ಹುಡುಗನ ಇಂಥ ಹಾಳೆಯಲ್ಲಿ ಅದು ಕಾಣುವುದಿಲ್ಲವಂತೆ.

"ಆಟದಿಂದ ಹಿಂಗಾತೋ, ಮೊದಲೇ ಹಿಂಗಿತ್ತಂತ ಆಟಕ್ಕ ಬಿದ್ರೋ, ಅದೂ ಪೂರಾ ಗೊತ್ತಿಲ್ರಿ. ಈ ವಯಸ್ಸಿನಾಗ ಮೆದುಳು ಇನ್ನೂ ಬೆಳ್ಯಾಕತ್ತಿರ್ತದ. ಕಸ್ಕೋಬ್ಯಾಡ್ರಿ, ಮೆಲ್ಲಕ ಕಡಿಮಿ ಮಾಡಸ್ರಿ. ತಿಂಗಳಿಗೊಮ್ಮೆ ಕರ್ಕೊಂಡು ಬರ್ರಿ."

ನಾನು ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿದೆ. ಡಾಕ್ಟರಮ್ಮ ಗಡಿಯಾರ ನೋಡಿದರು. ಅಷ್ಟರಲ್ಲಿ ಮಲ್ಲು ಹಾಳೆಯನ್ನು ತನ್ನ ಕಡೆ ಎಳೆದುಕೊಂಡ. "ಇದರಾಗ ಸಾಕು ಅನ್ನೋದು ಎಲ್ಲದರಿ?" ಅವರು ಹಣೆಯ ಹಿಂದಿನ ಜಾಗ ತೋರಿಸಿದರು. ಹುಡುಗ ತನ್ನ ಹಣೆ ಮುಟ್ಟಿ ನೋಡಿಕೊಂಡ.

ಊರಲ್ಲಿ ಬಸ್ಸಿಳಿದು ಹೊಲದ ಬದುವಿನ ಪಕ್ಕದ ದಾರಿಯಲ್ಲಿ ನಡೆದೆವು. ಆ ದಾರಿಯದೇ ಒಂದು ಕಥೆ. ಮೊದಲು ಜನ ಬಸ್ಸಿಗೆಂದು ಶರಣಪ್ಪನ ಹೊಲವನ್ನೇ ಅಡ್ಡ ಹಾಯುತ್ತಿದ್ದರು. ಪ್ರತಿ ವರ್ಷ ಅವನು ಆ ಕಾಲುದಾರಿಯನ್ನು ನೇಗಿಲು ಹೊಡೆದು ಅಳಿಸಿ, ಜಾಲಿಮುಳ್ಳು ಹಚ್ಚುವನು. ಜನ ಮುಳ್ಳು ಸರಿಸಿ ನಡೆಯುವರು. ಬೆಳೆ ಏಳುವುದರೊಳಗೆ ದಾರಿ ಮತ್ತೆ ಮೂಡುವುದು. ಕೊನೆಗೆ ಬದುವಿನ ಪಕ್ಕ ಎರಡು ಮೊಳ ಜಾಗ ಬಿಟ್ಟ. ಆಮೇಲೆ ಯಾರೂ ಬೆಳೆ ತುಳಿಯಲಿಲ್ಲ.

ಮಲ್ಲು ಮುಂದೆ ಹೋಗಿದ್ದ. ಶರಣಪ್ಪ ಗಕ್ಕನೆ ನಿಂತ. "ಅಕ್ಕಾ, ಮನ್ಯಾಗ ಬರೇ ಮುಳ್ಳು ಹಚ್ಚೀನಿ. ಹಾದಿ ಬಿಟ್ಟೇ ಇಲ್ಲ ನೋಡು."

ಮನೆ ಮುಟ್ಟಿದವನೇ ಬೀಗದ ಕೈ ಹುಡುಕಿದ.

ಮೊಬೈಲು ಬೀರುವಿನಿಂದ ಹೊರಗೆ ಬಂತು. ದಿನಕ್ಕೆ ಮೂರು ತಾಸು, ಆಮೇಲೆ ಎರಡು, ಆಮೇಲೆ ಒಂದು. ನಡುವೆ ಹಳೆಯ ಚಾಳಿಗೆ ಮರಳಿದ್ದೂ ಉಂಟು. ಶರಣಪ್ಪ ಮಗನ ಪಕ್ಕದಲ್ಲಿ ಕೂತು, "ಇದರಾಗ ನೀ ಯಾಂವಲೇ?" ಎಂದು ಕೇಳುವುದನ್ನು ಕಲಿತ. ಉತ್ತರವಾಗಿ ಒಂದು ಹೂಂ, ಒಂದು ಊಹೂಂ ಬರತೊಡಗಿತು. 'ಅಪ್ಪಾ' ಮಾತ್ರ ಬರಲಿಲ್ಲ.

ಇವತ್ತು ಆ ಹಾಳೆ ಸಿಕ್ಕ ಮೇಲೆ ಮನೆಯಲ್ಲಿ ಕೂರಲಾಗದೆ ಅತನೂರಿನ ಬಸ್ಸು ಹತ್ತಿದೆ. ಮಲ್ಲು ಕಟ್ಟೆಯ ಮೇಲೆ ಆಡುತ್ತ ಕೂತಿದ್ದ. ಈಗ ಚಿಗುರು ಮೀಸೆ. ಶರಣಪ್ಪ ಕುಡುಗೋಲು ಹಿಡಿದು ಹೊರಬಂದ. "ತೊಗರಿ ಕೊಯ್ಯಾಕ ಹೊಂಟೀನಿ," ಎಂದವನು ರೂಢಿಯಂತೆ ಉತ್ತರಕ್ಕೆ ಕಾಯದೆ ಹೆಜ್ಜೆ ಹಾಕಿದ.

"ಅಪ್ಪಾ, ನಿಂದ್ರು. ಇದೊಂದು ಮುಗೀಲಿ, ಬರ್ತೇನಿ."

ತಲೆಯೊಳಗಿನ ಯಾವ ಭಾಗ ಯಾವ ಭಾಗಕ್ಕೆ ಏನು ಹೇಳಿತೋ ತಿಳಿಯುವ ಕುತೂಹಲ ನನಗೆ ಈಗಲೂ ಇದೆ. ಆದರೆ ಈ ಸಲ ಕೇಳಲಿಲ್ಲ. ಶರಣಪ್ಪ ಅಂಗಳದ ನಡುವೆ ಬಿಸಿಲಿನಲ್ಲೇ ನಿಂತಿದ್ದ. ಐದು ನಿಮಿಷವಾಯಿತು, ಹತ್ತಾಯಿತು.

"ನೆರಳಿಗೆ ಬಂದು ಕೂಡಬಾರದೇನೋ ತಮ್ಮಾ," ಎಂದೆ.

"ನಿಂದ್ರು ಅಂದಾನಕ್ಕ," ಎಂದ.