ಒಲೆ ಊದುವ ಉಸಿರು

ಅತ್ತೆಯ ತುಟಿಗಳು ಸುಮ್ಮನಿದ್ದಾಗಲೂ ಗುಂಡಗೇ ಇರುತ್ತಿದ್ದವು. ಈಗಷ್ಟೇ ಊದಿ ಮುಗಿಸಿದಂತೆ, ಇಲ್ಲವೆ ಇನ್ನೇನು ಊದಲಿರುವಂತೆ. ಎಡಗಡೆಯ ಹುಬ್ಬು ಯಾವಾಗಲೋ ಬೆಂಕಿ ತಾಗಿ ಅರ್ಧಕ್ಕೇ ನಿಂತಿತ್ತು. ಅವಳ ಕೈಯಲ್ಲಿದ್ದ ಕಬ್ಬಿಣದ ಊದುಗೊಳವೆಯ ಒಂದು ತುದಿ ಮಸಿಯಿಂದ ಕಪ್ಪಾಗಿತ್ತು. ಬಾಯಿಗೆ ಹಿಡಿಯುವ ತುದಿ ಸವೆದು ಸವೆದು ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು.

ಅವಳು ನನ್ನ ತಂದೆಯ ಅಕ್ಕ. ನಾವು ಕಲಬುರಗಿಯ ಶಹಾಬಜಾರದಲ್ಲಿದ್ದೆವು, ಅವಳು ಕಮಲಾಪುರದಲ್ಲಿ. ಅವಳು ಬಡಿದ ಕಡಕ್ ರೊಟ್ಟಿ ಬಟ್ಟೆಯ ಗಂಟಿನಲ್ಲಿ ಬಸ್ಸು ಹತ್ತಿ ಕಲಬುರಗಿಯ ಖಾನಾವಳಿಗಳಿಗೆ ಬರುತ್ತಿತ್ತು. ರಜೆ ಸಿಕ್ಕಾಗ ನಾನು ಅದೇ ಬಸ್ಸಿನಲ್ಲಿ ಎದುರು ದಿಕ್ಕಿಗೆ ಹೋಗುತ್ತಿದ್ದೆ. ಅವಳ ಅಡುಗೆಮನೆಗೆ ಕಿಟಕಿ ಇರಲಿಲ್ಲ, ಮಾಳಿಗೆಯಲ್ಲೊಂದು ಬೆಳಕಿಂಡಿ ಇತ್ತು ಅಷ್ಟೆ. ತೊಗರಿ ಕಟ್ಟಿಗೆಯ ಹೊಗೆ ಆ ಕಿಂಡಿ ಹುಡುಕಿಕೊಂಡು ಹೋಗುವ ಮೊದಲು ಅವಳ ಮುಖಕ್ಕೆ ಒಂದು ಸುತ್ತು ಹಾಕಿಯೇ ಹೋಗುತ್ತಿತ್ತು. "ಈ ಹೊಗಿಗಿ ನನ್ನ ಬಿಟ್ಟು ಇರ್ಲಿಕ್ಕೇ ಆಗಂಗಿಲ್ಲ ನೋಡು," ಎಂದು ಕಣ್ಣೊರೆಸಿಕೊಳ್ಳುತ್ತಿದ್ದಳು.

ಹೊಸ್ತಿಲ ಹೊರಗೆ ಕೂತ ನನಗೆ ಒಂದು ಸದ್ದು ಕೇಳುತ್ತಿತ್ತು. ಮೂಗಿನಿಂದ ಸಣ್ಣಗೆ ಒಂದು ಎಳೆತ, ಆಮೇಲೆ ಉದ್ದಕ್ಕೆ, ಸಾವಕಾಶ, ಫೂ ಎಂದು ಬಿಡುವುದು.

ಆ ಸದ್ದು ನನ್ನನ್ನು ಇನ್ನೂ ಬಿಟ್ಟಿಲ್ಲ. ನಾನೀಗ ಇತಿಹಾಸದ ಮೇಷ್ಟ್ರು. ವಿದ್ಯಾರ್ಥಿಗಳನ್ನು ಕಲಬುರಗಿಯ ಕೋಟೆಗೆ ಕರೆದುಕೊಂಡು ಹೋದಾಗ, ಹಳೆಯ ಮಸೀದಿಯ ಕಮಾನುಗಳ ನಡುವೆ ಗಾಳಿ ಬೀಸಿದರೆ, ಪಾಠ ನಿಲ್ಲಿಸಿ ಕಿವಿಗೊಡುತ್ತೇನೆ. ಆದರೆ ನಾನು ಕೇಳಿಸಿಕೊಳ್ಳುತ್ತಿರುವುದು ಯಾವ ಸದ್ದು? ಅತ್ತೆ ಬಹಳ ವರ್ಷ ಒಲೆಗಾಗಿ ಊದಿದಳು, ಕೊನೆಯ ಕೆಲವು ವರ್ಷ ತನ್ನ ಎದೆಗಾಗಿ ಊದಿದಳು. ನನ್ನ ತಲೆಯಲ್ಲಿ ಎರಡೂ ಕಲಸಿಹೋಗಿವೆ. ಗ್ಯಾಸಿನ ಒಲೆಯ ಮುಂದೆ ಅವಳು ಊದುಗೊಳವೆ ಹಿಡಿದು ಕೂತ ಚಿತ್ರವೊಂದು ನನ್ನಲ್ಲಿ ಸ್ಪಷ್ಟವಾಗಿದೆ. ಅಂಥದ್ದು ನಡೆದಿರಲು ಸಾಧ್ಯವೇ ಇಲ್ಲ. ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿ, ಒಬ್ಬನೇ ಸಾಕ್ಷಿಯ ಮಾತನ್ನು ನಂಬಬೇಡಿ ಎಂದು ಹುಡುಗರಿಗೆ ಹೇಳುವವನು ನಾನು. ಅತ್ತೆಯ ವಿಷಯದಲ್ಲಿ ಆ ಒಬ್ಬನೇ ಸಾಕ್ಷಿ ಬಹಳ ಸಲ ನಾನೇ.

ಕೆಮ್ಮು ದಮ್ಮಿಗೆ ತಿರುಗಿದಾಗ ಅವಳನ್ನು ಕಲಬುರಗಿಯ ದೊಡ್ಡ ಆಸ್ಪತ್ರೆಯೊಂದಕ್ಕೆ ತೋರಿಸಿದೆವು. ಕೊಳವೆಯೊಂದಕ್ಕೆ ಊದಿಸಿ ನೋಡಿದ ವೈದ್ಯರು, ಇದು ಹೆಚ್ಚಾಗಿ ಬೀಡಿ ಸೇದುವವರ ಶ್ವಾಸಕೋಶಕ್ಕೆ ಬರುವ ರೋಗ, ಒಲೆ ಹೊಗೆಯಿಂದಲೂ ಬರುತ್ತದೆ ಅಂದರು. ಅತ್ತೆಗೆ ಬೀಡಿ ಎಂಬುದಷ್ಟೇ ಕೇಳಿಸಿತು.

"ಬೀಡಿ ಸೇದಾಂವ ನಿಮ್ಮ ಮಾವ," ಎಂದು ಬಸ್ಸಿನಲ್ಲಿ, ದಾರಿಯಲ್ಲಿ ಬರುವ ಮಹಾಗಾಂವದ ತನಕ ಹೇಳುತ್ತಲೇ ಇದ್ದಳು. "ಅಂವ ಒಂದಿನ ಕೆಮ್ಮಲಿಲ್ಲ, ಆರಾಮ ಹ್ವಾದ. ರೋಗ ನನ್ನ ಹೆಸರಿಗಿ ಹಚ್ಚಿ ಹ್ವಾದ ನೋಡು."

ದಿನಾ ಬಾಯಿಗಿಟ್ಟು ಉಸಿರಿನ ಜೊತೆ ಎಳೆದುಕೊಳ್ಳಲು ಮದ್ದಿನ ಪಂಪು ಕೊಟ್ಟಿದ್ದರು. ಆದರೂ ಮುಂಜಾನೆಗಳು ಸುಧಾರಿಸಲಿಲ್ಲ. ವೈದ್ಯರು ಪಂಪು ಬದಲಿಸಿದರು, ಮದ್ದು ಹೆಚ್ಚಿಸಿದರು. ತಪ್ಪದೆ ತಗೊಳ್ತೀರಾ ಎಂದು ಕೇಳಿದರೆ, "ತಗೋತೀನ್ರಿ, ಯಾಕ ಸುಳ್ಳ ಹೇಳ್ಲಿ," ಎನ್ನುತ್ತಿದ್ದಳು. ಅದು ಸುಳ್ಳಾಗಿರಲಿಲ್ಲ. ಆದರೂ ಸ್ನಾನ ಮಾಡಿ ಬರುವಷ್ಟರಲ್ಲಿ ಅವಳ ಕುತ್ತಿಗೆಯ ನರಗಳು ಹಗ್ಗದಂತೆ ಎದ್ದಿರುತ್ತಿದ್ದವು. ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಪೂಜೆಗೆ ಕೂತರೆ ಕೈ ನಡುಗುತ್ತಿತ್ತು. ಸಾವಿಗೆ ಅವಳು ಅಷ್ಟು ಹೆದರಿರಲಿಲ್ಲ. ಅವಳ ಹೆದರಿಕೆಯೇ ಬೇರೆ.

"ಕೈಯಾಗಿನ ಲಿಂಗ ಜಾರಿದ್ರ?" ಎಂದು ಒಮ್ಮೆ ನನ್ನನ್ನು ಕೇಳಿದಳು. "ನನ್ನ ಪೂಜಾ ನನ್ನ ಕೈಲೆ ಆಗ್ಬೇಕು ತಮ್ಮಾ. ಮತ್ತೇನೂ ಬ್ಯಾಡ ನನಗ."

ಆ ಹೊತ್ತಿಗೆ ಆಸ್ಪತ್ರೆಗೆ ಹೊಸ ಡಾಕ್ಟರಬಾಯಿಯೊಬ್ಬರು ಬಂದಿದ್ದರು. ಅವತ್ತು ನಾವು ಮೂವರು ಹೋಗಿದ್ದೆವು: ಅತ್ತೆ, ಅವಳ ಸೊಸೆ, ನಾನು. ಅತ್ತೆ ಕೆಂಪು ಬಾಳೆಹಣ್ಣಿನ ಚಿಪ್ಪೊಂದನ್ನು ಮೇಜಿನ ಮೇಲಿಟ್ಟಳು. ಡಾಕ್ಟರಬಾಯಿ ಹಳೆಯ ಕಾಗದಗಳನ್ನು ಬದಿಗೆ ಸರಿಸಿ, "ಮುಂಜಾನಿ ಕಣ್ಣು ತೆರದಾಗಿಂದ ಏನೇನ್ ಮಾಡ್ತೀರಿ, ಒಂದೊಂದೇ ಹೇಳ್ರಿ ಅವ್ವಾ," ಅಂದರು.

ಅತ್ತೆಗೆ ಖುಷಿಯಾಯಿತು. ಅಂಗಳ ಕಸ ಹೊಡೆಯುವುದು, ಹಲ್ಲು ತಿಕ್ಕುವುದು, ಸ್ನಾನ, ಪೂಜೆ, ಆಮೇಲೆ ಚಹಾ, ಚಹಾದ ಮೇಲೆ ಪಂಪು.

"ಪೂಜಾ ಆದಮ್ಯಾಲೆ ಪಂಪ್ ಯಾಕ್ರಿ?"

"ಲಿಂಗಪೂಜಾ ಆಗಲಾರದ ನಾ ಬಾಯಾಗ ನೀರು ಸುದ್ದಾ ಇಳಸಂಗಿಲ್ಲ."

ನನಗೆ ತಡೆಯಲಾಗಲಿಲ್ಲ. "ಅದು ಗಾಳಿ ಅತ್ತಿ, ಊಟ ಅಲ್ಲ," ಅಂದೆ.

"ಬಾಯಾಗೇ ಹೋಗ್ತದಲ್ಲೇನು? ಸಾಲಿ ಕಲತೀದಿ, ಬಾಯಿ ಯಾವುದು ಮೂಗು ಯಾವುದು ಗೊತ್ತಿಲ್ಲೇನು?"

ಸೊಸೆ ಸೆರಗು ಬಾಯಿಗೆ ಹಿಡಿದು ನಕ್ಕಳು. ಡಾಕ್ಟರಬಾಯಿ ವಾದಕ್ಕೆ ಬರಲಿಲ್ಲ. ಪಂಪು ಹಿಡಿಯುವ ರೀತಿಯನ್ನು ಮತ್ತೆ ತೋರಿಸಿ, "ಎಳ್ಕೊಂಡ ಮ್ಯಾಲೆ ಬಾಯಿ ಮುಕ್ಕಳಿಸಿ ಉಗಳಬೇಕ್ರಿ. ಇಲ್ಲಂದ್ರ ಬಾಯಿ ಹುಣ್ಣಾಗ್ತದ," ಅಂದರು.

"ಉಗಳೂದಾ? ನುಂಗಂಗಿಲ್ಲ?"

"ನುಂಗಬಾರದ್ರಿ."

ಅತ್ತೆ ಪಂಪನ್ನು ಕೈಯಲ್ಲಿ ತಿರುಗಿಸಿ ನೋಡಿದಳು. "ಮುಕ್ಕಳಿಸಿ ಉಗಳೂದಂದ್ರ ಇದು ಹಲ್ಲ ತಿಕ್ಕೂದರಾಗ ಬಂತಲ್ಲ. ಅದು ಪೂಜಾಕ್ಕಿಂತ ಮೊದಲ ನಡೀತದ."

ಈ ಮಾತು ಅತ್ತೆಯದೇ ಎಂದು ನಾನು ಹೇಳುತ್ತೇನೆ. ಡಾಕ್ಟರಬಾಯಿಯೇ ಹಾಗೆ ಹೇಳಿ ದಾರಿ ಮಾಡಿಕೊಟ್ಟರು ಎಂದು ಸೊಸೆ ಹೇಳುತ್ತಾಳೆ. ಮಾತು ಅತ್ತೆಯದಾಗಿರಲಿ ಎಂದು ನನಗೆ ಎಷ್ಟು ಆಸೆಯಿದೆಯೆಂದರೆ, ಆ ಆಸೆಯಿಂದಲೇ ನನ್ನ ನೆನಪಿನ ಮೇಲೆ ಅನುಮಾನ.

ಹೊರಡುವ ಮೊದಲು ಉಸಿರಾಟವನ್ನೂ ಕಲಿಸಿದರು. ಮೂಗಿನಿಂದ ಎಳೆದುಕೊಂಡು, ತುಟಿ ಗುಂಡಗೆ ಮಾಡಿ, ಒಲೆ ಊದಿದ ಹಾಗೆ ಸಾವಕಾಶ ಬಿಡಬೇಕು.

"ಊದಿ ಊದೇ ಹಿಂಗಾಗೀನಿ," ಅಂದಳು ಅತ್ತೆ. "ಮತ್ತ ಊದು ಅಂತೀರಲ್ರಿ."

"ಇಷ್ಟ ದಿನ ಒಲಿಗಿ ಊದೀರಿ. ಈಗ ನಿಮಗಂತ ಊದ್ರಿ," ಅಂದರು ಡಾಕ್ಟರಬಾಯಿ.

ಮರುದಿನದಿಂದ ಪಂಪು ಬಚ್ಚಲ ಗೂಡಿನಲ್ಲಿ, ಹಲ್ಲುಪುಡಿಯ ಡಬ್ಬಿಯ ಪಕ್ಕ ಬಂದು ಕೂತಿತು. ಸ್ನಾನಕ್ಕೆ ಸ್ಟೂಲು ಬಂತು. ರೊಟ್ಟಿಯ ಕೆಲಸ ನಿಂತಿತು. ಶ್ವಾಸಕೋಶದ ಹಾಳಾದ ಭಾಗ ಮರಳಿ ಬರುವುದಿಲ್ಲ ಎಂದು ಡಾಕ್ಟರಬಾಯಿ ಮುಚ್ಚಿಡದೆ ಹೇಳಿದ್ದರು. ಆದರೆ ಕೆಲವು ವಾರಗಳಲ್ಲಿ ಅತ್ತೆಯ ಕೈ ನಡುಗುವುದು ನಿಂತಿತು. ನಾನು ಉಳಿದುಕೊಂಡಿದ್ದ ಒಂದು ಮುಂಜಾನೆ, ಪೂಜೆ ಮುಗಿಸಿ ಹಣೆಯ ಮೇಲೆ ಮೂರು ಎಳೆ ವಿಭೂತಿ ಹೊತ್ತು ಬಂದವಳು ತನ್ನ ಅಂಗೈಯನ್ನು ನನ್ನ ಮುಂದೆ ಚಾಚಿ ಹಿಡಿದಳು. "ನೋಡು, ಅಲಗ್ಯಾಡ್ತದೇನು?"

ಅಲುಗಾಡುತ್ತಿರಲಿಲ್ಲ. ಇದನ್ನು ನಾನು ನೋಡಿದ್ದೇನೆ. ಇದರಲ್ಲಿ ಅನುಮಾನ ಬೇಡ.

ಹಾಗೆ ಒಂದಷ್ಟು ವರ್ಷ ಸಿಕ್ಕವು. ತೊಗರಿ ರಾಶಿಯ ಕಾಲದಲ್ಲಿ, ಚಳಿಯ ಒಂದು ಮುಂಜಾನೆ ಸೊಸೆಯ ಫೋನು ಬಂತು. ನಾನು ಹೋದ ಬಸ್ಸಿನ ಕಿಟಕಿಗಳನ್ನೆಲ್ಲ ರಾಶಿಯ ದೂಳಿಗೆ ಮುಚ್ಚಿದ್ದರು. ನಾನು ಊರು ಮುಟ್ಟುವಷ್ಟರಲ್ಲಿ ಅತ್ತೆಯ ಮೈ ತೊಳೆಸಿ, ಗೋಡೆಗೆ ಒರಗಿಸಿ ಕೂಡಿಸಿದ್ದರು. ಹಣೆಯಲ್ಲಿ ವಿಭೂತಿ, ಎಡ ಅಂಗೈಯಲ್ಲಿ ಲಿಂಗ.

ಅವಳ ಕೊನೆಯ ಉಸಿರು ಎಲ್ಲಿ ಹೋಯಿತು? ಹಾಸಿಗೆಯಲ್ಲಿ ದಮ್ಮು ಹತ್ತಿಯೋ, ಪಂಪು ತಗೊಂಡು, ಸ್ನಾನ ಮಾಡಿ, ಪೂಜೆಗೆ ಕೂತ ಮೇಲೋ? ನನಗೆ ಅದೊಂದೇ ತಿಳಿಯಬೇಕಿತ್ತು. ಬಚ್ಚಲಿಗೆ ಹೋಗಿ ನೋಡಿದೆ. ಕಲ್ಲು ಹಸಿಯಾಗಿತ್ತು, ಮೈ ತೊಳೆಸಿದ್ದರಿಂದಲೂ ಹಸಿಯಾಗಿದ್ದೀತು. ವಿಭೂತಿ ಅವಳೇ ಹಚ್ಚಿಕೊಂಡಿದ್ದಿರಬಹುದು, ಶವಸಂಸ್ಕಾರಕ್ಕೆ ಬಂದ ಅಯ್ಯನವರು ಹಚ್ಚಿರಬಹುದು; ಲಿಂಗವನ್ನೂ ಅವರೇ ಕೈಗಿಟ್ಟಿರಬಹುದು. ಪಂಪು ತೆಗೆದು ಅಲುಗಿಸಿದೆ. ಒಳಗೆ ಮದ್ದಿತ್ತು. ಅದರಿಂದ ಏನು ಗೊತ್ತಾಗುತ್ತದೆ? ಸೊಸೆಯನ್ನು ಕೇಳಿದರೆ, "ನಾ ಏಳೂದ್ರಾಗ ಅತ್ತಿ ಇದ್ದಿಲ್ರಿ," ಎಂದು ಅತ್ತಳು. ಆಮೇಲೆ ಕೇಳುವ ಧೈರ್ಯ ಬರಲಿಲ್ಲ.

ಕಳೆದ ಚಳಿಗಾಲದಲ್ಲಿ ಕಮಲಾಪುರಕ್ಕೆ ಹೋದಾಗ ಆ ಮನೆಯಲ್ಲೇ ಉಳಿದೆ. ಬೆಳಗಾಗುವ ಹೊತ್ತಿಗೆ ಅರೆನಿದ್ದೆಯಲ್ಲಿ ಆ ಸದ್ದು ಕೇಳಿತು. ಮೂಗಿನಿಂದ ಸಣ್ಣಗೆ ಒಂದು ಎಳೆತ, ಆಮೇಲೆ ಉದ್ದಕ್ಕೆ ಫೂ. ನನಗೆ ಅದು ಹೊಸದಲ್ಲ, ಹೊದಿಕೆ ಎಳೆದುಕೊಂಡೆ. ಆದರೆ ಈ ಸಲ ಅದರ ಹಿಂದೆ ಒಂದು ಕೆಮ್ಮು ಬಂತು. ಎದ್ದು ಹೋದೆ.

ಬಚ್ಚಲಲ್ಲಿ ಹಂಡೆಯ ಕೆಳಗಿನ ಒಲೆಯ ಮುಂದೆ ಸೊಸೆ ಕುಕ್ಕರಗಾಲಲ್ಲಿ ಕೂತಿದ್ದಳು. ಕೈಯಲ್ಲಿ ಅತ್ತೆಯ ಊದುಗೊಳವೆ. ಹಸಿ ತೊಗರಿ ಕಟ್ಟಿಗೆ ಹೊತ್ತದೆ ಹೊಗೆಯಾಡುತ್ತಿತ್ತು.

"ಮನ್ಯಾಗ ಗ್ಯಾಸ್ ಅದ ಅಲ್ಲ ತಂಗಿ," ಅಂದೆ.

"ಹಂಡೆ ನೀರಿಗಿ ಗ್ಯಾಸ್ ಯಾರು ಸುಡ್ತಾರ್ರಿ ಅಣ್ಣಾರ? ರೊಟ್ಟಿ ಗ್ಯಾಸಿನ ಮ್ಯಾಲೇ ಮಾಡ್ತೀನಿ." ಕಣ್ಣೊರೆಸಿಕೊಂಡು, ನನ್ನ ಮುಖ ನೋಡಿ, ಏನನ್ನಿಸಿತೋ, "ಅತ್ತಿ ಹ್ವಾದ ದಿನ ನೀವು ಕೇಳಿದ್ರಿ. ಲಿಂಗ ನಾವು ಕೈಯಾಗ ಇಟ್ಟಿದ್ದಲ್ರಿ. ಮೊದಲ ಇತ್ತು," ಅಂದಳು.

ಹೌದಾಗಿದ್ದರೆ ಅತ್ತೆ ಬೇಡಿಕೊಂಡದ್ದು ಅವಳಿಗೆ ಸಿಕ್ಕಿತು. ಆದರೆ ಅವತ್ತು ಇವಳು ಇದನ್ನು ಹೇಳಿರಲಿಲ್ಲ. ಇಲ್ಲವೆ ಹೇಳಿದ್ದು ನನಗೆ ನೆನಪಿಲ್ಲ. ನನ್ನ ಸಮಾಧಾನಕ್ಕೆಂದೇ ಈಗ ಹೇಳುತ್ತಿರಬಹುದು. ಕೇಳೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಮತ್ತೆ ಕೆಮ್ಮಿದಳು. ಕೆಮ್ಮು ನಿಂತ ಮೇಲೂ ಅವಳ ತುಟಿಗಳು ಗುಂಡಗೇ ಇದ್ದವು.

ಅತ್ತೆಯ ಸ್ನಾನದ ಸ್ಟೂಲು ಅಲ್ಲೇ ಇತ್ತು. ಎಳೆದುಕೊಂಡು ಅವಳ ಎದುರಿಗೆ ಕೂತೆ.

"ಅದು ಇರ್ಲಿ," ಅಂದೆ. "ಮುಂಜಾನಿ ಕಣ್ಣು ತೆರದಾಗಿಂದ ಏನೇನ್ ಮಾಡ್ತಿ, ಒಂದೊಂದೇ ಹೇಳವ್ವಾ."

ಅವಳು ಊದುಗೊಳವೆಯನ್ನು ಕೆಳಗಿಟ್ಟಳು.

"ಮೊದಲ ನೀರೊಲಿ ಹಚ್ತೀನ್ರಿ," ಅಂದಳು.