ಬ್ಲೇಡಿಗೆ ಸಿಕ್ಕ ಹೆಸರು

ಜುಜಿನಾ ಎಂಬ ಹೆಂಗಸಿನ ಹೆಸರನ್ನು ನಾನು ಅಪ್ಪನ ದಾಡಿ ಬ್ಲೇಡಿನಿಂದ ಕತ್ತರಿಸಿ ಬಚ್ಚಲ ಒಲೆಗೆ ಹಾಕಿದ್ದೇನೆ. ಆಕೆಯನ್ನು ನಾನು ಕಂಡವನಲ್ಲ. ನಾನು ಬ್ಲೇಡು ಹಿಡಿಯುವ ಹೊತ್ತಿಗೆ ಆಕೆ ತೀರಿಹೋಗಿ ಬಹಳ ವರ್ಷಗಳಾಗಿದ್ದವು. ಸುಟ್ಟದ್ದು ಗೇಣುದ್ದದ ಕಂದು ಟೇಪು, ಅಷ್ಟೇ. ಅಷ್ಟೇ ಎಂದುಕೊಂಡೇ ಇಷ್ಟು ವರ್ಷ —

ಎಂಬತ್ತರ ದಶಕದ ಆರಂಭ. ಧಾರವಾಡದಲ್ಲಿ ಬಿ.ಎಸ್ಸಿ. ಮುಗಿಸಿ, ದ್ವಿತೀಯ ದರ್ಜೆಯ ಕೀರ್ತಿಯೊಡನೆ ದಾಂಡೇಲಿಗೆ ಮರಳಿದ್ದೆ. ಅಪ್ಪ ಕಾಗದದ ಕಾರ್ಖಾನೆಯ ಬಿದಿರು ಯಾರ್ಡಿನಲ್ಲಿ ಮುಕಾದಮ. ನನ್ನ ಹೆಸರಲ್ಲೂ ಒಂದು ಅರ್ಜಿ ಬರೆದಿಟ್ಟಿದ್ದ. ನಾನೋ, ವಿದ್ಯುತ್ತಿನಿಂದ ಸಂಗೀತ ಹುಟ್ಟಿಸಲೆಂದೇ ಅವತರಿಸಿದವನು. ಪ್ಲೈವುಡ್ ಪೆಟ್ಟಿಗೆ, ಕೆಟ್ಟ ರೇಡಿಯೊಗಳ ಟ್ರಾನ್ಸಿಸ್ಟರುಗಳು, ಸ್ವರಕ್ಕೊಂದರಂತೆ ಬಾಗಿಲ ಬೆಲ್ಲಿನ ಹದಿಮೂರು ಗುಂಡಿಗಳು. ಮೊದಲ ‘ಸಾ’ ಹೊರಟ ದಿನ ನನ್ನ ಮೈ ಜುಮ್ಮೆಂದದ್ದು ಇಂದಿಗೂ ನೆನಪಿದೆ. ಗಂಟಲಿಲ್ಲ, ತಂತಿಯಿಲ್ಲ, ಉಸಿರಿಲ್ಲ — ಆದರೂ ದನಿ! ಊಟ ಮರೆತೆ, ಸ್ನಾನ ಮರೆತೆ. ಅವ್ವ ಒಳಗಿನಿಂದ ತೀರ್ಪು ಕೊಟ್ಟಳು: “ಚಲೋ ಆತು ಬಿಡಪಾ. ಹೊಲದಾಗ ಇಟ್ರ ಹಂದಿ ಸುಳಿಯೂದಿಲ್ಲ.”

ಅಪ್ಪ ವ್ಯಾವಹಾರಿಕ ಮನುಷ್ಯ. “ಕಾಲನಿ ಕ್ಲಬ್ಬಿನ ವಾರ್ಷಿಕೋತ್ಸವದಾಗ ಇದನ್ನ ನುಡಸು. ಮಂದಿ ಕುಂತು ಕೇಳಿದ್ರ ಒಂದು ವರ್ಷ ನಿನ್ನ ತಂಟೆಗೆ ಬರೂದಿಲ್ಲ. ಎದ್ದು ಹೋದ್ರ, ಸೋಮವಾರದಿಂದ ಯಾರ್ಡಿಗೆ ಬಾ.”

ಯಂತ್ರಕ್ಕೆ ಸ್ವರವಿತ್ತು, ತಾಳವಿರಲಿಲ್ಲ. ತಾಳ ಹುಟ್ಟಿಸಲು ಹದಿನೈದು ದಿನ ಹೆಣಗಿದೆ. ನಲ್ಲಿ ತೊಟ್ಟಿಕ್ಕುವ ಸದ್ದಿನಾಚೆ ವಿಜ್ಞಾನ ಮುಂದುವರಿಯಲಿಲ್ಲ. ಆಗ ನೆನಪಾದವನು ಬಸ್ತ್ಯಾಂವ ಕಾಕಾ. ಸಾಂಬ್ರಾಣಿ ಎಂಬ ಹಳ್ಳಿಯ ಸಿದ್ದಿ ಜನಾಂಗದವನು, ಅಪ್ಪನ ಕೈಕೆಳಗೆ ಬಿದಿರು ಇಳಿಸುವವನು. ಅವರ ಮಂದಿಯ ದಮಾಮಿ ಡೋಲನ್ನು ಅವನು ಬಾರಿಸಿದರೆ ಕೂತವರ ಮೊಣಕಾಲು ಯಜಮಾನನ ಮಾತು ಕೇಳುತ್ತಿರಲಿಲ್ಲ.

ಕರೆದೆ. ಒಂದು ಭಾನುವಾರ ಮಧ್ಯಾಹ್ನ ಡೋಲು ಹೊತ್ತು ನಮ್ಮ ಕ್ವಾರ್ಟರ್ಸಿಗೆ ಬಂದ. ಹಿತ್ತಿಲಲ್ಲಿ ತರಗೆಲೆ ಉರಿಸಿ ಚರ್ಮ ಕಾಯಿಸಿದ. ಕ್ಲಬ್ಬಿನಿಂದ ಬೇಡಿ ತಂದ ಸ್ಪೂಲ್ ರೆಕಾರ್ಡರ್ ತಿರುಗತೊಡಗಿತು. ಅವರ ಮನೆತನದ್ದೊಂದು ರೂಢಿ: ಬಾರಿಸುವ ಮುನ್ನ, ಕಲಿಸಿದವರ ಹೆಸರು ಹೇಳದೆ ಡೋಲಿಗೆ ಕೈ ಹಚ್ಚುವುದಿಲ್ಲ. ಕಾಕಾ ಮೈಕಿಗೆ ಬಾಗಿ, ಕಣ್ಣು ಮುಚ್ಚಿ, “ನಮ್ಮವ್ವ ಜುಜಿನಾ” ಎಂದ. ಆಮೇಲೆ ಬಾರಿಸಿದ ನೋಡಿ — ಪಕ್ಕದ ಮನೆಯವರು ಒಗೆದ ಬಟ್ಟೆ ಕೈಯಲ್ಲೇ ಹಿಡಿದು ಬೇಲಿಗೆ ಬಂದರು.

ಟೇಪಿನಲ್ಲಿ ಒಂದು ಆವರ್ತನ ಕತ್ತರಿಸಿ, ತುದಿಗೆ ತುದಿ ಅಂಟಿಸಿ ಬಳೆ ಮಾಡಿದೆ. ಅದು ತಿರುಗಿದಷ್ಟೂ ಅದೇ ತಾಳ, ದಣಿವಿಲ್ಲದೆ! ಮೇಲೆ ನನ್ನ ಬೆಲ್ಲಿನ ಗುಂಡಿಗಳು. ಕೋಣೆಯಲ್ಲಿ ಒಬ್ಬನೇ ಕುಣಿದೆ, ಸುಳ್ಳೇಕೆ ಹೇಳಲಿ. ಬಳೆಯೊಳಗೆ ಹೆಸರು ಸೇರಿದರೆ ತಾಳ ಕೆಡುತ್ತಿತ್ತು — ಇದು ತಾಂತ್ರಿಕ ಸತ್ಯ. ಆದರೆ ವೇದಿಕೆಯ ಮೇಲೆ ನನ್ನ ನಾಲಿಗೆಗೆ ಯಾವ ತಾಂತ್ರಿಕ ಅಡ್ಡಿಯಿತ್ತು?

ವಾರ್ಷಿಕೋತ್ಸವದ ದಿನ ರೆಕಾರ್ಡರನ್ನು ಮೇಜಿನ ಕೆಳಗಿಟ್ಟು, ಮೇಲೆ ನೆಲದವರೆಗೆ ಬೆಡ್‌ಶೀಟು ಇಳಿಬಿಟ್ಟಿದ್ದೆ. ನುಡಿಸಿದೆ. ಯಾರೂ ಎದ್ದು ಹೋಗಲಿಲ್ಲ. ಬದಲಿಗೆ ಕುರ್ಚಿಗಳೇ ಅಲುಗಿದವು. ಕ್ಲಬ್ಬಿನ ಕಾರ್ಯದರ್ಶಿ ಮೈಕು ಹಿಡಿದು, “ಈ ಬಾಜಾ ಬಾರಿಸಿದವ್ರು ಯಾರ್ರೀ?” ಎಂದು ಕೇಳಿದರು. ಮುಂದಿನ ಸಾಲಿನಲ್ಲಿ ಅಪ್ಪ. ಹಿಂದೆ, ಕುರ್ಚಿ ಜೋಡಿಸಲು ಬಂದ ಕೂಲಿಗಳ ನಡುವೆ, ಕೈಕಟ್ಟಿ ನಿಂತ ಬಸ್ತ್ಯಾಂವ ಕಾಕಾ. ಇಬ್ಬರನ್ನೂ ಕಂಡೆ. ಕಂಡೇ ಹೇಳಿದೆ:

“ಯಾರೂ ಇಲ್ರೀ. ಎಲ್ಲಾ ಯಂತ್ರಾನ ಮಾಡತೈತಿ.”

ಚಪ್ಪಾಳೆ. ಅಪ್ಪ ಸತ್ಯವನ್ನು ಬಲ್ಲವನು — ಡೋಲು ನಮ್ಮ ಹಿತ್ತಿಲಲ್ಲೇ ಕಾದದ್ದು — ಆದರೂ ಅವನು ತಟ್ಟಿದ. ಅದನ್ನು ಅವನ ಪಾಪದಲ್ಲಿ ಸೇರಿಸಲಾರೆ. ಅವನಿಗೆ ತಟ್ಟಲು ಕಾರಣ ಕೊಟ್ಟವನು ನಾನು.

ಕುರ್ಚಿ ಮಡಚುವಾಗ ಕಾಕಾ ಬಳಿಗೆ ಬಂದ. ಬೈಯುತ್ತಾನೆಂದುಕೊಂಡೆ. “ಮಿಶಿನ್ ಚಲೋ ಐತಿ, ತಮ್ಮಾ. ನನಗೂ ಕುಣೀಬೇಕನಿಸ್ತು. ಅವ್ವನ ಹೆಸರೊಂದು ಕೇಳಲಿಲ್ಲಲಾ?”

“ಮಿಶಿನ್ ಹಿಡೀಲಿಲ್ಲ ಕಾಕಾ,” ಎಂದೆ.

ಅವನು ನಂಬಿದ. ಅದೇ ಇಂದಿಗೂ ಚುಚ್ಚುವುದು — ನಂಬಿ, ತನ್ನದೇ ತಪ್ಪೆಂಬಂತೆ ತಲೆ ಕೆರೆದುಕೊಂಡ. “ನಾನ ಸಣ್ಣಗ ಹೇಳಿದ್ನೇನೋ. ಇನ್ನೊಮ್ಮೆ ಬರ್ತೇನಿ ತಗೋ, ಜೋರಾಗಿ ಹೇಳ್ತೇನಿ.”

ಮುಂದಿನ ಭಾನುವಾರ ಬಂದ, ಡೋಲು ಹೊತ್ತು. ರೆಕಾರ್ಡರ್ ಕ್ಲಬ್ಬಿಗೆ ಮರಳಿಸಿದೆನೆಂದು ಬಾಗಿಲಲ್ಲೇ ಹೇಳಿ ಕಳಿಸಿದೆ. ಅದು ಒಳಗೆ ಮಂಚದ ಕೆಳಗಿತ್ತು. ಅಪ್ಪ ಕೊಟ್ಟ ಆ ಒಂದು ವರ್ಷದಿಂದಲೇ ನಾನು ಹುಬ್ಬಳ್ಳಿಯ ಆರ್ಕೆಸ್ಟ್ರಾಗಳಿಗೆ, ನಾಟಕ ಕಂಪನಿಗಳಿಗೆ ಯಂತ್ರದ ಮನುಷ್ಯನಾದೆ. ಜೀವನವಿಡೀ ಜನ ಹೊಗಳಿದ್ದು ನನ್ನ ‘ಸ್ವರಯಂತ್ರದ ತಾಳ’ವನ್ನು.

ಕಾಕಾ ಈಗಿಲ್ಲ. ಕಳೆದ ತಿಂಗಳು ಸಾಂಬ್ರಾಣಿಯ ಒಂದು ಮದುವೆಯಲ್ಲಿ ಅವನ ಮಗಳು ಅದೇ ದಮಾಮಿಗೆ ಕೈ ಹಚ್ಚುವುದನ್ನು ನೋಡಿದೆ. ಮೊದಲು ಹೆಸರು ಹೇಳಿದಳು — ಎರಡು ಹೆಸರು. ಜುಜಿನಾ. ಬಸ್ತ್ಯಾಂವ. ನಾನು ಊಟಕ್ಕೆ ನಿಲ್ಲಲಿಲ್ಲ.

ಟೇಪಿನ ಆ ಬಳೆ ಇನ್ನೂ ನನ್ನಲ್ಲಿದೆ. ಭಾನುವಾರ ಅದನ್ನು ಅವಳ ಕೈಗಿಟ್ಟು, ಇಲ್ಲಿ ಬರೆದದ್ದನ್ನು ಬಾಯಲ್ಲಿ ಹೇಳುತ್ತೇನೆ. ಬಾಗಿಲಲ್ಲೇ ನಿಲ್ಲಿಸಿದರೆ, ಅಲ್ಲೇ ನಿಂತು ಹೇಳುತ್ತೇನೆ. ಕಾಕಾ, ನೀನು ಸಣ್ಣಗೆ ಹೇಳಿರಲಿಲ್ಲ. ಯಂತ್ರ ಹಿಡಿದಿತ್ತು — ಅಕ್ಷರ ಅಕ್ಷರವೂ, ಬಹಳ ಸ್ವಚ್ಛವಾಗಿ.